ದೊಡ್ಡ ಮಾನಿಟರ್ ಕೊಳ್ಳುವ ಮುನ್ನ

ಮಾನಿಟರ್‌ನ ಗಾತ್ರವನ್ನು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದು ಇಂಚುಗಳಲ್ಲಿ ಹೇಳುವುದು ರೂಢಿ. 27 ಇಂಚಿನ ಪರದೆ ಸುಮಾರು 60 ಸೆಂ.ಮೀ. ಅಗಲ, 34 ಸೆಂ.ಮೀ. ಎತ್ತರವಿದ್ದರೆ 32 ಇಂಚಿನದು 71 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ. ಹೆಸರಿನಲ್ಲಿ ಐದೇ ಇಂಚು ಹೆಚ್ಚು, ವಿಸ್ತೀರ್ಣದಲ್ಲಿ ಶೇ. 40ರಷ್ಟು ಹೆಚ್ಚು. ಭಾರತದಲ್ಲಿ 32 ಇಂಚು ಕೆಲವು ವರ್ಷ ತೆರಿಗೆಯ ಗಡಿಯೂ ಆಗಿತ್ತು: ಅದಕ್ಕಿಂತ ದೊಡ್ಡ ಮಾನಿಟರ್‌ಗಳಿಗೆ ಶೇ. 28ರ ಜಿಎಸ್‌ಟಿ ಬೀಳುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಅವಕ್ಕೂ ಶೇ. 18. ಹಾಗಾಗಿ 34 ಅಥವಾ 42 ಇಂಚಿನ ಪರದೆಗಳನ್ನು ತೆರಿಗೆಯ ಕಾರಣಕ್ಕೆ ಕೈಬಿಡಬೇಕಿಲ್ಲ. ಕೈಬಿಡಲು ಬೇರೆ ಕಾರಣಗಳಿವೆ.

ಪರದೆ ಹಿಗ್ಗಿದಂತೆ ಅದನ್ನು ತುಂಬುವ ಪಿಕ್ಸೆಲ್‌ಗಳೂ ಹೆಚ್ಚಬೇಕು. ಇಲ್ಲದಿದ್ದರೆ ಒಂದೊಂದು ಪಿಕ್ಸೆಲ್ ದಪ್ಪವಾಗುತ್ತದೆ, ಅಷ್ಟೆ. 24 ಇಂಚಿನಲ್ಲಿ ಅಚ್ಚುಕಟ್ಟಾಗಿ ಕಾಣುವ ಫುಲ್ ಎಚ್‌ಡಿ (1920×1080) ಚಿತ್ರ 32 ಇಂಚಿಗೆ ಹಿಗ್ಗಿದರೆ ಇಂಚಿಗೆ 69 ಪಿಕ್ಸೆಲ್ ಮಾತ್ರ ಉಳಿಯುತ್ತವೆ. ಆಗ ಅಕ್ಷರಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಕನ್ನಡದ ಒತ್ತಕ್ಷರಗಳಂತೂ ಕಲಸಿಹೋಗುತ್ತವೆ. 27 ಇಂಚಿಗೆ ಕ್ಯೂಎಚ್‌ಡಿ (2560×1440) ಹೊಂದುತ್ತದೆ, ಇಂಚಿಗೆ 109 ಪಿಕ್ಸೆಲ್. 32 ಇಂಚಿಗೆ 4ಕೆ (3840×2160) ಇದ್ದರೆ 138.

ಇಷ್ಟು ಸಾಕೇ ಎಂಬುದು ಕೂರುವ ದೂರವನ್ನು ಅವಲಂಬಿಸಿದೆ. ಒಳ್ಳೆಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಗುರುತಿಸಬಲ್ಲದು. ಆ ಲೆಕ್ಕದಲ್ಲಿ 32 ಇಂಚಿನ 4ಕೆ ಪರದೆಯ ಪಿಕ್ಸೆಲ್‌ಗಳು ಸುಮಾರು 63 ಸೆಂ.ಮೀ. ದೂರದಿಂದಲೇ ಒಂದರಲ್ಲೊಂದು ಬೆರೆಯುತ್ತವೆ. 27 ಇಂಚಿನ ಕ್ಯೂಎಚ್‌ಡಿಗೆ 80 ಸೆಂ.ಮೀ. ಬೇಕು, 32 ಇಂಚಿನ ಕ್ಯೂಎಚ್‌ಡಿಗೆ 95. ಮನೆಗಳಲ್ಲಿರುವ ಎರಡು ಅಡಿ ಆಳದ ಮೇಜಿನ ಮೇಲೆ ಸ್ಟ್ಯಾಂಡ್ ಸಮೇತ ಮಾನಿಟರ್ ಇಟ್ಟರೆ ಕಣ್ಣಿಗೂ ಪರದೆಗೂ 60 ಸೆಂ.ಮೀ. ಸಿಗುವುದೇ ಕಷ್ಟ. ಅಷ್ಟು ಹತ್ತಿರದಲ್ಲಿ 42 ಇಂಚಿನ ಪರದೆಯ ಮೂಲೆಯಲ್ಲಿರುವ ಆಟದ ನಕಾಶೆ ನೋಡಲು ಕುತ್ತಿಗೆಯನ್ನೇ ತಿರುಗಿಸಬೇಕು. ಮಾನಿಟರ್‌ನ ಬೆನ್ನಲ್ಲಿ ವೆಸಾ ಮಾದರಿಯ ನಾಲ್ಕು ತಿರುಪಿನ ತೂತುಗಳಿದ್ದರೆ ಅದನ್ನು ಮಾನಿಟರ್ ಆರ್ಮ್‌ಗೆ ಕಟ್ಟಿ ಗೋಡೆಯವರೆಗೆ ಹಿಂದಕ್ಕೆ ತಳ್ಳಬಹುದು. ಬಜೆಟ್ ಲೆಕ್ಕ ಹಾಕುವಾಗ ಹೆಚ್ಚಿನವರು ಮರೆಯುವ ವಸ್ತು ಇದು.

34 ಇಂಚಿನ ಅಲ್ಟ್ರಾವೈಡ್ ಎತ್ತರದಲ್ಲಿ 27 ಇಂಚಿನ ಪರದೆಯಷ್ಟೇ, ಅಗಲ ಮಾತ್ರ ಸುಮಾರು 80 ಸೆಂ.ಮೀ. ಕಾರ್ ರೇಸ್, ವಿಮಾನ ಹಾರಿಸುವ ಆಟಗಳಿಗೆ ಅದು ಬಹಳ ಸೊಗಸು. ಆದರೆ ಎಲ್ಲ ಆಟಗಳೂ ಅದನ್ನು ಬಳಸಿಕೊಳ್ಳುವುದಿಲ್ಲ. ಎಲ್ಡನ್ ರಿಂಗ್ ಎರಡೂ ಬದಿ ಕಪ್ಪು ಪಟ್ಟಿ ಬಿಡುತ್ತದೆ.

ಪಿಕ್ಸೆಲ್ ಹೆಚ್ಚಿದಷ್ಟೂ ಗ್ರಾಫಿಕ್ಸ್ ಕಾರ್ಡ್‌ನ ದುಡಿಮೆ ಹೆಚ್ಚು. ಫುಲ್ ಎಚ್‌ಡಿಯಲ್ಲಿ ಪ್ರತಿ ಫ್ರೇಮ್‌ಗೆ ಸುಮಾರು 20.7 ಲಕ್ಷ ಪಿಕ್ಸೆಲ್, ಕ್ಯೂಎಚ್‌ಡಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಮ್‌ಡಿಯ ಎಫ್‌ಎಸ್‌ಆರ್ ತಂತ್ರಗಳು ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ರಚಿಸಿ ಅದನ್ನು 4ಕೆಗೆ ಹಿಗ್ಗಿಸಿ ಭಾರ ಇಳಿಸುತ್ತವೆ. ಆದರೂ ಮಧ್ಯಮ ದರ್ಜೆಯ ಕಾರ್ಡ್ ಇರುವವರಿಗೆ 27 ಇಂಚಿನ ಕ್ಯೂಎಚ್‌ಡಿಯೇ ವಾಸಿ.

ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸುತ್ತದೆ ಎಂಬುದೇ ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿತಾಯ, ಎರಡನೆಯದರಲ್ಲಿ ಮೂರಕ್ಕೂ ಕಡಿಮೆ. ಕೌಂಟರ್ ಸ್ಟ್ರೈಕ್, ವ್ಯಾಲೊರಂಟ್‌ನಂಥ ಆಟಗಳನ್ನು ಪಂದ್ಯಕ್ಕಾಗಿ ಆಡುವವರಿಗೆ ಆ ಮೂರೂ ಮುಖ್ಯ. ಎಲ್ಡನ್ ರಿಂಗ್ ಮಾತ್ರ ಸೆಕೆಂಡಿಗೆ 60 ಫ್ರೇಮ್ ದಾಟುವುದೇ ಇಲ್ಲ, ಅಲ್ಲಿ 240 ಹರ್ಟ್ಸ್ ಇದ್ದೂ ಪ್ರಯೋಜನವಿಲ್ಲ. ಕಾರ್ಡ್ ಕೊಡುವ ಫ್ರೇಮ್‌ಗಳ ವೇಗಕ್ಕೆ ಪರದೆಯೇ ಹೊಂದಿಕೊಳ್ಳುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಸೌಲಭ್ಯವನ್ನಂತೂ ಬಿಡಬಾರದು. ಅದಿಲ್ಲದಿದ್ದರೆ ಚಿತ್ರ ನಡುವೆ ಹರಿದಂತೆ ಕಾಣುತ್ತದೆ.

ಚಿತ್ರದ ಗುಣಮಟ್ಟವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಪ್ಯಾನೆಲ್. ಐಪಿಎಸ್ ಪ್ಯಾನೆಲ್‌ಗಳಲ್ಲಿ ಬಣ್ಣ ನಿಖರ, ಬದಿಯಿಂದ ನೋಡಿದರೂ ಕೆಡುವುದಿಲ್ಲ. ಆದರೆ ಅವುಗಳ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000:1ರ ಆಸುಪಾಸು. ದೀಪ ಆರಿಸಿದ ಕೋಣೆಯಲ್ಲಿ ಗುಹೆಯ ದೃಶ್ಯ ಬಂದರೆ ಕಪ್ಪು ಕಪ್ಪಾಗಿರದೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮೂಲೆಗಳಲ್ಲಿ ಮಂಕು ಬೆಳಕು ಹಬ್ಬಿರುತ್ತದೆ. ಪರದೆ ದೊಡ್ಡದಾದಷ್ಟೂ ಇದು ಕಣ್ಣಿಗೆ ಹೊಡೆಯುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ 3000:1 ಅಥವಾ ಅದಕ್ಕೂ ಹೆಚ್ಚು, ಬೆಲೆಯೂ ಕಡಿಮೆ. ಅದರ ಕೊರತೆ ವೇಗದಲ್ಲಿದೆ: ಕಡುಗಪ್ಪಿನಿಂದ ಬೂದಿಗೆ ಬದಲಾಗಲು ಅದರ ಪಿಕ್ಸೆಲ್ ತಡಮಾಡುತ್ತದೆ. ಕತ್ತಲ ಕಾಡಿನಲ್ಲಿ ಪಾತ್ರ ಸರಕ್ಕನೆ ತಿರುಗಿದಾಗ ಮರಗಳ ಹಿಂದೆ ಮಸಿ ಎಳೆದಂತೆ ನೆರಳಿನ ಬಾಲ ಕಾಣುತ್ತದೆ.

ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಕಪ್ಪೆಂದರೆ ಅಲ್ಲಿ ಬೆಳಕೇ ಇಲ್ಲ, ಬಾಲವೂ ಇಲ್ಲ. ಆಟಕ್ಕೆ ಇದಕ್ಕಿಂತ ಒಳ್ಳೆಯ ಪರದೆ ಸದ್ಯ ಸಿಗದು. 2022ರಲ್ಲಿ ಏಲಿಯನ್‌ವೇರ್‌ನ 34 ಇಂಚಿನ ಮಾನಿಟರ್ ಮೂಲಕ ಕ್ಯೂಡಿ-ಓಎಲ್‌ಇಡಿ ಎಂಬ ಬಗೆ ಗೇಮಿಂಗ್ ಮೇಜಿಗೆ ಬಂತು, 2024ರಲ್ಲಿ 32 ಇಂಚಿನ 4ಕೆ, 240 ಹರ್ಟ್ಸ್ ಮಾದರಿಗಳು ಬಂದವು. ಕಿಟಕಿಯ ಎದುರಿಟ್ಟರೆ ಕ್ಯೂಡಿ-ಓಎಲ್‌ಇಡಿಯ ಕಪ್ಪು ನಸು ನೇರಳೆಗೆ ತಿರುಗುತ್ತದೆ. ಅದರ ಉಪಪಿಕ್ಸೆಲ್‌ಗಳು ತ್ರಿಕೋನದಲ್ಲಿ ಕೂತಿರುವುದರಿಂದ, ಪಿಕ್ಸೆಲ್ ದಟ್ಟಣೆ ಕಡಿಮೆಯಿದ್ದಲ್ಲಿ ಅಕ್ಷರಗಳ ಅಂಚಿಗೆ ಬಣ್ಣದ ಗೆರೆ ಮೂಡುತ್ತದೆ. ಎಲ್ಲ ಬಗೆಯ ಓಎಲ್‌ಇಡಿಗೂ ಬರ್ನ್-ಇನ್ ಭಯ ಇದ್ದದ್ದೇ: ಹಗಲೆಲ್ಲ ಒಂದೇ ಜಾಗದಲ್ಲಿ ನಿಲ್ಲುವ ಟಾಸ್ಕ್‌ಬಾರ್‌ನ ಅಚ್ಚು ಕಾಲಕ್ರಮೇಣ ಪರದೆಯಲ್ಲೇ ಉಳಿಯಬಹುದು. ಇದಕ್ಕೂ ಸೇರಿ ಮೂರು ವರ್ಷದ ವಾರಂಟಿ ಕೊಡುವ ಕಂಪನಿಗಳಿವೆ. ದಿನಕ್ಕೆ ಎಂಟು ಗಂಟೆ ಎಕ್ಸೆಲ್ ತೆರೆದಿಡುವವರಿಗೆ ಮಿನಿ ಎಲ್‌ಇಡಿ ಬ್ಯಾಕ್‌ಲೈಟ್ ಇರುವ ಐಪಿಎಸ್ ಅಥವಾ ವಿಎ ಹೆಚ್ಚು ಕ್ಷೇಮ. ಅಲ್ಲಿ ಹಿಂಬದಿಯ ಬೆಳಕು ನೂರಾರು ತುಂಡುಗಳಾಗಿ ಬೇಕಾದಲ್ಲಿ ಮಾತ್ರ ಮಂಕಾಗುತ್ತದೆ, ಕಪ್ಪು ಹಿನ್ನೆಲೆಯ ನಕ್ಷತ್ರಗಳ ಸುತ್ತ ಚೂರು ಪ್ರಭೆ ಉಳಿಯುತ್ತದೆ.

ಡಬ್ಬದ ಮೇಲಿನ ಘೋಷಣೆಗಳಲ್ಲಿ ಎರಡನ್ನು ಅನುಮಾನದಿಂದ ನೋಡುವುದು ಒಳ್ಳೆಯದು. ಒಂದು, ಎಚ್‌ಡಿಆರ್. ವೆಸಾ ಸಂಸ್ಥೆ 2017ರ ಡಿಸೆಂಬರ್‌ನಲ್ಲಿ ತಂದ ಡಿಸ್‌ಪ್ಲೇಎಚ್‌ಡಿಆರ್ ಮಾನದಂಡದ 400ರ ಮೆಟ್ಟಿಲು 400 ನಿಟ್ಸ್ ಪ್ರಕಾಶವನ್ನಷ್ಟೇ ಬಯಸುತ್ತಿತ್ತು, ಬ್ಯಾಕ್‌ಲೈಟ್ ಭಾಗ ಭಾಗವಾಗಿ ಮಂಕಾಗಬೇಕೆಂಬ ಷರತ್ತು ಇರಲಿಲ್ಲ. ಅಂಥ ಎಲ್‌ಸಿಡಿಯಲ್ಲಿ ಎಚ್‌ಡಿಆರ್ ಹಾಕಿದರೆ ಚಿತ್ರ ಕೆಲವೊಮ್ಮೆ ಮೊದಲಿಗಿಂತ ಪೇಲವ. ಎಲ್‌ಸಿಡಿಯಾದರೆ 1000ರ ಮೆಟ್ಟಿಲು, ಓಎಲ್‌ಇಡಿಯಾದರೆ ಟ್ರೂ ಬ್ಲ್ಯಾಕ್ ಎಂಬ ಗುರುತು ನೋಡಬೇಕು. ಇನ್ನೊಂದು, 1 ಮಿಲಿಸೆಕೆಂಡ್ ರೆಸ್ಪಾನ್ಸ್ ಟೈಮ್. ಪಿಕ್ಸೆಲ್ ಬೇಗ ಬದಲಾಗುವಂತೆ ಒತ್ತಡ ಹಾಕುವ ಓವರ್‌ಡ್ರೈವ್ ಅನ್ನು ತುದಿಗೇರಿಸಿ ತೆಗೆದ ಅಂಕಿ ಅದಾಗಿರುವುದುಂಟು, ಆ ಹಂತದಲ್ಲಿ ಚಲಿಸುವ ವಸ್ತುಗಳ ಹಿಂದೆ ಬಿಳಿ ಅಂಚು ಮೂಡುತ್ತದೆ.

ಫೋಟೊ ಕೆಲಸವೂ ಇದ್ದರೆ ಬಣ್ಣಗಳನ್ನು ಸಾಮಾನ್ಯ ಚಿತ್ರಗಳ ವ್ಯಾಪ್ತಿಗೆ ಮಿತಿಗೊಳಿಸುವ ಎಸ್‌ಆರ್‌ಜಿಬಿ ಮೋಡ್ ಇರುವ ಮಾನಿಟರ್ ಆರಿಸಬೇಕು. ಹೆಚ್ಚು ಬಣ್ಣ ತೋರುವ ಪರದೆಗಳು ಸಾಮಾನ್ಯ ಚಿತ್ರಗಳಲ್ಲಿ ಮುಖಗಳನ್ನು ಕೆಂಪೇರಿಸುತ್ತವೆ. ಪಿಎಸ್5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೋಡಿಸಿ 4ಕೆ 120 ಹರ್ಟ್ಸ್ ಪಡೆಯಲು ಎಚ್‌ಡಿಎಂಐ 2.1 ಪೋರ್ಟ್ ಬೇಕು, 2.0 ಇದ್ದರೆ 4ಕೆ 60 ಹರ್ಟ್ಸ್‌ಗೇ ನಿಲ್ಲುತ್ತದೆ.

ಮಾನಿಟರ್ ಮನೆಗೆ ಬಂದ ದಿನವೇ ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆಯ ತುಂಬ ಹಾಕಿ ಸತ್ತ ಪಿಕ್ಸೆಲ್ ಹುಡುಕಬೇಕು. ಒಂದೆರಡು ಸತ್ತ ಪಿಕ್ಸೆಲ್‌ಗಳನ್ನು ಹಲವು ಕಂಪನಿಗಳು ದೋಷವೆಂದೇ ಪರಿಗಣಿಸುವುದಿಲ್ಲ. ಆಗ ಉಳಿಯುವ ದಾರಿ ಅಂಗಡಿಯವರ ವಾಪಸಾತಿ ಅವಧಿ ಮಾತ್ರ. ಅದು ಮುಗಿಯುವವರೆಗೆ ರಟ್ಟಿನ ಡಬ್ಬ, ಥರ್ಮಾಕೋಲ್ ಎರಡನ್ನೂ ಎಸೆಯಬಾರದು.