ಕಾವಲು ಕ್ಯಾಮೆರಾಕ್ಕೆ ನೆನಪಿನ ಬಲ

‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವದಿಂದಲೇ ಆಡಿರಬೇಕು. ಇಂದಿನ ದಿನಮಾನಗಳಲ್ಲಿ ಪಟ್ಟಣಗಳಲ್ಲಷ್ಟೇ ಅಲ್ಲದೆ ಹಳ್ಳಿಗಳ ಮನೆಬಾಗಿಲುಗಳಲ್ಲಿಯೂ ಸಿ.ಸಿ. ಕ್ಯಾಮೆರಾಗಳು ಕಾಣುತ್ತಿವೆ. ಕ್ಯಾಮೆರಾ ಕೂಡ್ರಿಸಿದೊಡನೆ ಮನೆ ಸುರಕ್ಷಿತವಾಯಿತೆಂದು ನಾವು ನೆಮ್ಮದಿ ತಾಳುತ್ತೇವೆ. ಆದರೆ ಅದು ಕಂಡದ್ದನ್ನು ಎಷ್ಟು ದಿನ ನೆನಪಿಡುತ್ತದೆಂದು ಕೇಳುವವರು ವಿರಳ. ನಾನೂ ಕೇಳಿರಲಿಲ್ಲ. ಅದರಿಂದಾಗಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ವಾಚಕರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಎರಡು ವರ್ಷಗಳ ಹಿಂದೆ ಬಂಧುಗಳ ಮದುವೆಯ ನಿಮಿತ್ತ ಮನೆಮಂದಿಯೆಲ್ಲ ಒಂಬತ್ತು ದಿನ ಪರವೂರಿನಲ್ಲಿದ್ದೆವು. ಒಳಹಿತ್ತಲಿನ ಗಿಡಗಳಿಗೆ ನೀರುಣಿಸಲೆಂದು ಮನೆಗೆಲಸದ ತಾಯಿಯ ಕೈಯಲ್ಲಿ ಬೀಗದ ಕೈ ಕೊಟ್ಟಿದ್ದೆವು. ಹನ್ನೊಂದು ವರ್ಷಗಳಿಂದ ನಮ್ಮಲ್ಲಿ ದುಡಿದವಳು ಆಕೆ. ಮರಳಿ ಬಂದ ನಾಲ್ಕನೆಯ ದಿನ, ಕಪಾಟಿನಲ್ಲಿದ್ದ ಬೋರಮಾಳ ಸರ ಕಾಣೆಯಾದದ್ದು ನನ್ನ ಶ್ರೀಮತಿಯವರ ಗಮನಕ್ಕೆ ಬಂದಿತು. ಯಾರೂ ಬಾಯಿಬಿಟ್ಟು ಆಡದಿದ್ದರೂ ಎಲ್ಲರ ಸಂಶಯ ಒಬ್ಬಳ ಮೇಲೆಯೇ ನೆಟ್ಟಿತು. ಅದನ್ನರಿತ ಆಕೆ, “ಕ್ಯಾಮೆರಾ ಐತಲ್ರೀ ಅಪ್ಪಾರ, ಅದರಾಗ ನೋಡ್ರಿ” ಎಂದಳು. ನಡುಮನೆಯ ಕ್ಯಾಮೆರಾ ಒಳಕೋಣೆಯ ಬಾಗಿಲಿಗೆ ಅಭಿಮುಖವಾಗಿಯೇ ಇತ್ತು. ನೋಡಲು ಕುಳಿತೆವು. ಹಿಂದಿನ ಐದು ದಿನಗಳ ಚಿತ್ರಗಳಷ್ಟೇ ಉಳಿದಿದ್ದವು. ಅದಕ್ಕೂ ಹಿಂದಿನವೆಲ್ಲ ಅಳಿಸಿಹೋಗಿದ್ದವು.

ಮರುದಿನದಿಂದ ಆಕೆ ಕೆಲಸಕ್ಕೆ ಬರಲಿಲ್ಲ. ಮೂರು ತಿಂಗಳು ಕಳೆದ ಮೇಲೆ, ಮದುವೆಗೆ ಒಯ್ದಿದ್ದ ಚೀಲದ ಒಳಪದರಿನಲ್ಲಿ ಸರ ದೊರೆಯಿತು. ನಾವಿಬ್ಬರೂ ಆಕೆಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಚಹಾ ಕೊಟ್ಟು ಆದರಿಸಿದಳು. ನಮ್ಮ ಮನೆಗೆ ಮಾತ್ರ ಮರಳಲಿಲ್ಲ.

ಸಂಶಯಪಟ್ಟ ಅಪರಾಧ ನಮ್ಮದೇ. ಆದರೂ ಅವಳ ಪಾಲಿಗೆ ಇದ್ದ ಏಕೈಕ ಸಾಕ್ಷಿ ಅಳಿದುಹೋದದ್ದು ಹೇಗೆಂದು ತಿಳಿಯದೆ ನನಗೆ ಸಮಾಧಾನವಾಗಲಿಲ್ಲ. ಮಗನೊಡನೆ ಕುಳಿತು ಅರಿತುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಲೆಕ್ಕ ಮೊದಲು

ಹಲವರ ಮನೆಗಳಲ್ಲಿ ಚಿತ್ರಮುದ್ರಣಕ್ಕೆಂದೇ ಡಿ.ವಿ.ಆರ್. ಪೆಟ್ಟಿಗೆ ಇರುತ್ತದೆ. ನಮ್ಮಲ್ಲಿ ಸಣ್ಣ ಡೆಸ್ಕ್‌ಟಾಪ್ ಗಣಕಯಂತ್ರವೊಂದು ಆ ಕೆಲಸ ಮಾಡುತ್ತಿತ್ತು. ಅದರ ಹಾರ್ಡ್ ಡಿಸ್ಕಿನ ಸಾಮರ್ಥ್ಯ 1 ಟೆರಾಬೈಟ್, ಅರ್ಥಾತ್ 1,000 ಗಿಗಾಬೈಟ್. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ವ್ಯಾಸದ 50 ತಟ್ಟೆಗಳಿದ್ದು, ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಅದರೆದುರು ಒಂದು ಟೆರಾಬೈಟ್ ಸಾಗರದಂತೆ ತೋರುವುದು ಸಹಜ. ಆದರೆ ಎರಡು ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ‘ಎಚ್.264’ ಪದ್ಧತಿಯಲ್ಲಿ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಚಿತ್ರ ಕಳುಹಿಸಿದರೆ ಅದು ಅರ್ಧ ಮೆಗಾಬೈಟ್ ಆಯಿತು. ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ ಒಂದು ಕ್ಯಾಮೆರಾದ ದಿನದ ಆಹಾರ 43 ಗಿಗಾಬೈಟ್. ನಾಲ್ಕು ಕ್ಯಾಮೆರಾಗಳಿಗೆ 173 ಗಿಗಾಬೈಟ್. ಆರು ದಿನ ತುಂಬುವ ಮೊದಲೇ ನಮ್ಮ ಪಾತ್ರೆ ತುಂಬಿ, ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯತೊಡಗುತ್ತಿತ್ತು. ಯಂತ್ರ ಕೆಟ್ಟಿರಲಿಲ್ಲ, ತನ್ನ ನಿಯಮದಂತೆಯೇ ನಡೆದಿತ್ತು.

ಹಾಗಾದರೆ ಎಷ್ಟು ದಿನಗಳ ನೆನಪು ಬೇಕು? ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆ ಬಹುಜನ ಸೇರುವ ಸಂಸ್ಥೆಗಳು 30 ದಿನಗಳ ಚಿತ್ರಗಳನ್ನು ಉಳಿಸಿಡಬೇಕೆನ್ನುತ್ತದೆ. ಪೊಲೀಸ್ ಠಾಣೆಗಳ ಕ್ಯಾಮೆರಾಗಳ ಚಿತ್ರಗಳನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಆದೇಶಿಸಿತು. ಮನೆಗಳಿಗೆ ಇವು ಅನ್ವಯಿಸವು. ಆದರೂ ಕಳವು ಕಾಣುವುದು ಹಲವು ದಿನಗಳ ಮೇಲೆಯೇ ಆದ್ದರಿಂದ ತಿಂಗಳ ನೆನಪು ಇರುವುದು ಲೇಸು. ನಾವು 4 ಟೆರಾಬೈಟಿನ ಡಿಸ್ಕನ್ನು ಆಯ್ದುಕೊಂಡೆವು. ಹಳೆಯ ಪದ್ಧತಿಯಲ್ಲಿ ಅದು 23 ದಿನ ಬರುತ್ತಿತ್ತು, ಕ್ಯಾಮೆರಾಗಳನ್ನು ‘ಎಚ್.265’ ಪದ್ಧತಿಗೆ ಬದಲಿಸಿ ಹರಿವನ್ನು ಅರ್ಧಕ್ಕೆ ಇಳಿಸಿದ್ದರಿಂದ 46 ದಿನಗಳಾದವು.

ಎಂತಹ ಡಿಸ್ಕ್ ಬೇಕು?

ಅಗ್ಗವೆಂದು ಸಾಮಾನ್ಯ ಡಿಸ್ಕನ್ನು ಕೊಳ್ಳುವುದು ಉಚಿತವಲ್ಲ. ಮನೆಬಳಕೆಯ ಅನೇಕ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ ವರ್ಷಕ್ಕೆ 2,400 ತಾಸು, 55 ಟೆರಾಬೈಟ್ ಕೆಲಸ. ವರ್ಷದಲ್ಲಿ ಇರುವುದು 8,760 ತಾಸು. ಕಾವಲಿಗೆ ರಜೆ ಇಲ್ಲ. ನಮ್ಮ ನಾಲ್ಕು ಕ್ಯಾಮೆರಾಗಳು ಮೊದಲಿನ ಪದ್ಧತಿಯಲ್ಲಿ ವರ್ಷಕ್ಕೆ 63 ಟೆರಾಬೈಟ್ ಬರೆಯುತ್ತಿದ್ದವು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ‘ಪರ್ಪಲ್’, ಸೀಗೇಟ್ ಸಂಸ್ಥೆಯ ‘ಸ್ಕೈಹಾಕ್’ ಮುಂತಾದವು ಹಗಲಿರುಳು ಬರೆಯುವುದಕ್ಕೆಂದೇ ನಿರ್ಮಿತವಾದವು; ಇವುಗಳ ಸಾಮಾನ್ಯ ಮಿತಿ ವರ್ಷಕ್ಕೆ 180 ಟೆರಾಬೈಟ್.

ಕೊಳ್ಳುವ ಮೊದಲು ಗಣಕಯಂತ್ರದ ಹೊದಿಕೆ ತೆಗೆದು ಒಳಗೆ ಇಣುಕಬೇಕು. 3.5 ಇಂಚಿನ ದೊಡ್ಡ ಡಿಸ್ಕಿಗೆ ಗೂಡು ಇದೆಯೇ, ಮದರ್‌ಬೋರ್ಡಿನಲ್ಲಿ ‘ಸಾಟಾ’ ಕಿಂಡಿ ಖಾಲಿ ಇದೆಯೇ, ವಿದ್ಯುತ್ತಿನ ತಂತಿ ಇದೆಯೇ — ಈ ಮೂರೂ ಇರತಕ್ಕದ್ದು. ದೊಡ್ಡ ಡಿಸ್ಕಿಗೆ 12 ವೋಲ್ಟ್ ಹಾಗೂ 5 ವೋಲ್ಟ್ ಎರಡೂ ಬೇಕು. ಕೆಲವು ಕಂಪನಿಗಳ ಯಂತ್ರಗಳಲ್ಲಿ ವಿದ್ಯುತ್ ಮದರ್‌ಬೋರ್ಡಿನಿಂದಲೇ ಬರುವುದರಿಂದ ಅದೇ ಮಾದರಿಯ ತಂತಿಯನ್ನು ತರಿಸಬೇಕಾಗುತ್ತದೆ. ಗ್ರಂಥದಷ್ಟು ಚಿಕ್ಕದಾದ ‘ಮಿನಿ’ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ 2.5 ಇಂಚಿನ ತೆಳುವಾದ ಡಿಸ್ಕಿಗಷ್ಟೇ ಸ್ಥಳ. ಅಂಥಲ್ಲಿ, ತನ್ನದೇ ಅಡಾಪ್ಟರ್ ಉಳ್ಳ ಯು.ಎಸ್.ಬಿ. ಪೆಟ್ಟಿಗೆಯಲ್ಲಿ ದೊಡ್ಡ ಡಿಸ್ಕನ್ನು ಹೊರಗಿರಿಸುವುದೇ ಮಾರ್ಗ.

ಜೋಡಿಸುವ ಬಗೆ

ಯಂತ್ರವನ್ನು ನಿಲ್ಲಿಸಿ, ಪ್ಲಗ್ ಕಿತ್ತು, ಆನ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಡಿಸ್ಕನ್ನು ಗೂಡಿನಲ್ಲಿರಿಸಿ ಭದ್ರಪಡಿಸಿ, ಚಿಕ್ಕದಾದ ಮಾಹಿತಿಯ ತಂತಿಯನ್ನೂ ಅಗಲವಾದ ವಿದ್ಯುತ್ತಿನ ತಂತಿಯನ್ನೂ ಸಿಕ್ಕಿಸಬೇಕು. ತಪ್ಪು ದಿಕ್ಕಿನಲ್ಲಿ ಅವು ಹೋಗವು, ಬಲಪ್ರಯೋಗ ಸಲ್ಲದು.

ಯಂತ್ರವನ್ನು ಮತ್ತೆ ಹಚ್ಚಿದಾಗ ಹೊಸ ಡಿಸ್ಕ್ ತಾನಾಗಿ ಕಾಣಿಸದು. ಹಲವರು ಡಿಸ್ಕ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವುದು ಈ ಘಟ್ಟದಲ್ಲಿಯೇ. ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಅದನ್ನು ಸಿದ್ಧಗೊಳಿಸಬೇಕು. ಅಲ್ಲಿ ‘ಜಿ.ಪಿ.ಟಿ.’ ಎಂಬುದನ್ನೇ ಆರಿಸಬೇಕು; ಹಳೆಯ ‘ಎಂ.ಬಿ.ಆರ್.’ ಪದ್ಧತಿ 2 ಟೆರಾಬೈಟಿಗಿಂತ ಮುಂದೆ ಕಾಣದು. 4 ಟೆರಾಬೈಟ್ ಎಂದು ಕೊಂಡದ್ದು ಪರದೆಯ ಮೇಲೆ ಸುಮಾರು 3.6 ಎಂದು ಕಂಡರೆ ಅಂಗಡಿಯವನು ವಂಚಿಸಿದನೆಂದು ತಿಳಿಯಬೇಕಾಗಿಲ್ಲ. ಎಣಿಕೆಯ ಕ್ರಮ ಬೇರೆ, ಅಷ್ಟೆ. ಆ ಬಳಿಕ ಕ್ಯಾಮೆರಾದ ಸಾಫ್ಟ್‌ವೇರಿನಲ್ಲಿ ಚಿತ್ರಗಳು ಹೊಸ ಡಿಸ್ಕಿಗೆ ಹೋಗುವಂತೆ ಬದಲಿಸುವುದನ್ನು ಮರೆಯಬಾರದು. ಮರೆತರೆ ಹೊಸ ಕಣಜ ಬರಿದಾಗಿಯೇ ಇದ್ದು, ಹಳೆಯದು ತುಂಬಿ ತುಳುಕುತ್ತಿರುತ್ತದೆ.

ಯಂತ್ರ ನಿದ್ರೆಗೆ ಜಾರದಂತೆ, ವಿದ್ಯುತ್ ಹೋಗಿ ಬಂದಾಗ ತಾನಾಗಿ ಏಳುವಂತೆ ಹೊಂದಿಸಬೇಕು. ಪದೇ ಪದೇ ವಿದ್ಯುತ್ ಕಡಿತವಾಗುವ ನಮ್ಮ ಊರುಗಳಲ್ಲಿ ಯು.ಪಿ.ಎಸ್. ಇರುವುದು ಅವಶ್ಯಕ.

ಸಾಕ್ಷಿಯ ಬೆಲೆ

ಗಡಿಯಾರ ಸರಿಯಾಗಿರದ ಚಿತ್ರ ಸಾಕ್ಷಿಯಾಗಿ ದುರ್ಬಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವೂ ಬೇಕು. ಆದ್ದರಿಂದ ಘಟನೆ ತಿಳಿದೊಡನೆ ಆ ಭಾಗವನ್ನು ಬೇರೆಡೆ ನಕಲಿಸಿ, ಮೂಲ ಡಿಸ್ಕನ್ನೂ ಜೋಪಾನವಾಗಿಡಬೇಕು. ತಿಂಗಳಿಗೊಮ್ಮೆ ಹಿಂದಿನ ತಿಂಗಳ ಒಂದು ದಿನವನ್ನು ತೆರೆದು ನೋಡುವ ರೂಢಿ ಇರಲಿ. ಕ್ಯಾಮೆರಾದ ದೃಷ್ಟಿ ನೆರೆಮನೆಯ ಕಿಟಕಿಯ ಮೇಲೆ ಬೀಳದಿರಲಿ. ಮನೆಗೆ ಬಂದು ದುಡಿಯುವವರಿಗೆ ಅದರ ಇರವು ತಿಳಿದಿರಲಿ.

ನೆನಪು ಹೆಚ್ಚಿಸಿದರೆ ಕಳ್ಳ ಸಿಕ್ಕಾನೆಂದು ನಾವು ಯೋಚಿಸುತ್ತೇವೆ. ನಿರಪರಾಧಿಯ ಮಾನ ಉಳಿದೀತೆಂದೂ ಯೋಚಿಸಬೇಕು. ಈಗ ನಮ್ಮ ಮನೆಯ ಯಂತ್ರ ಒಂದೂವರೆ ತಿಂಗಳನ್ನು ನೆನಪಿಡುತ್ತದೆ. ಅದಕ್ಕೆ ತಗುಲಿದ ಶ್ರಮ ಒಂದು ಸಂಜೆಯದು. ಆದರೆ ಹನ್ನೊಂದು ವರ್ಷ ಕಣ್ಣೆದುರೇ ಕಂಡ ನಡತೆಯನ್ನು ನೆನೆಯಲು ನಮಗೆ ಯಾವ ಡಿಸ್ಕೂ ಬೇಕಾಗಿರಲಿಲ್ಲ. ಆ ನೆನಪು ನಮ್ಮಲ್ಲಿ ಅಂದೇ ಎಚ್ಚರಗೊಂಡಿದ್ದರೆ, ಆ ತಾಯಿ “ಕ್ಯಾಮೆರಾದಾಗ ನೋಡ್ರಿ” ಎಂದು ನಮ್ಮನ್ನು ಬೇಡಿಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ.