ನಮ್ಮೂರ ಪಕ್ಕದ ದ್ವೀಪ

ಕಳೆದ ದಸರಾ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಕೊಳ್ಳೇಗಾಲಕ್ಕೆ ಬಂದಿದ್ದಳು. ಈಗ ಆರನೇ ತರಗತಿ. ಮನೆಯಲ್ಲಿ ಅವಳನ್ನು ಪುಟ್ಟಿ ಎಂದೇ ಕರೆಯುತ್ತೇವೆ. ಅದೇ ವಾರ ಅವಳ ಅಪ್ಪ, ಅಂದರೆ ನನ್ನ ಮಗ, ಕಂಪನಿ ಕೆಲಸದ ಮೇಲೆ ಗ್ರೀಸ್ ದೇಶಕ್ಕೆ ಹೋಗಿದ್ದ. ಬಿಡುವಿನ ಎರಡು ದಿನ ರೋಡ್ಸ್ ಎಂಬ ದ್ವೀಪ ಸುತ್ತಿ ಫೋನಿಗೆ ಮೂವತ್ತು ಫೋಟೋ ಕಳಿಸಿದ. ನೀಲಿ ಸಮುದ್ರ, ಕೋಟೆಗೋಡೆ, ಕಲ್ಲು ಹಾಸಿದ ಬೀದಿ, ಬಂದರಿನ ಬಾಯಲ್ಲಿ ಎರಡು ಕಂಬಗಳ ಮೇಲೆ ನಿಂತ ಎರಡು ಜಿಂಕೆಗಳು.

ಪುಟ್ಟಿ ಒಂದೊಂದೇ ಫೋಟೋ ಸರಿಸುತ್ತಾ ಕೇಳಿದಳು: "ತಾತ, ನಮ್ಮಲ್ಲಿ ಹೀಗೆ ದ್ವೀಪದ ಮೇಲೆ ಊರು ಇಲ್ವಾ?"

"ಇದೆಯಲ್ಲ, ಇಲ್ಲಿಂದ ಹದಿನೈದು ಕಿಲೋಮೀಟರು" ಅಂದೆ.

ಮಾತು ಬಾಯಿ ಜಾರಿತ್ತು. ಹೇಳಿದ ಮೇಲೆ ಕರೆದುಕೊಂಡು ಹೋಗಲೇಬೇಕಲ್ಲ. ನಾನು ಶಿವನಸಮುದ್ರದ ಹೊಳೆದಂಡೆಗೆ ಇಳಿದು ಐವತ್ತು ವರ್ಷದ ಮೇಲಾಗಿತ್ತು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಬೆಳಿಗ್ಗೆ ಏಳಕ್ಕೆ ಪರಿಚಯದ ಆಟೋ ಬಂತು. ಹನೂರಿನಿಂದ ಬಂದಿದ್ದ ನನ್ನ ತಂಗಿಯ ಮೊಮ್ಮಗನೂ ಜೊತೆಗೆ ಹತ್ತಿದ. ಅವನು ಏಳನೇ ತರಗತಿ. ಹನೂರಿನ ಕಾಡು ಬೆಟ್ಟ ಬಿಟ್ಟರೆ ಬೇರೆ ಊರುಗಳೆಲ್ಲ ಅವನಿಗೆ ಸಪ್ಪೆ. ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಎರಡು ಬಾಟಲಿ ನೀರು. "ನೀರಿನ ಹತ್ರ ಮಕ್ಕಳ ಕೈ ಬಿಡ್ಬೇಡಿ" ಎಂದು ನನ್ನ ಹೆಂಡತಿ ಗೇಟಿನವರೆಗೂ ಬಂದು ಹೇಳಿದಳು. ಅವಳು ಯಳಂದೂರಿನವಳು, ಒಂದು ಮಾತನ್ನು ಮೂರು ಸಲ ಹೇಳದಿದ್ದರೆ ಸಮಾಧಾನವಿಲ್ಲ.

ಸತ್ತೇಗಾಲ ದಾಟುತ್ತಿದ್ದಂತೆ ಕಾವೇರಿಯ ತಂಪು ಗಾಳಿ ಮುಖಕ್ಕೆ ಬಡಿಯಿತು. ಇಲ್ಲಿ ಹೊಳೆ ಎರಡಾಗಿ ಒಡೆಯುತ್ತದೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಪೂರ್ವದ ಕವಲು ಭರಚುಕ್ಕಿಯಾಗಿ ಬೀಳುತ್ತದೆ. ಬಿದ್ದ ಮೇಲೆ ಎರಡೂ ಮತ್ತೆ ಕೂಡುತ್ತವೆ. ನಡುವೆ ಉಳಿದ ನೆಲವೇ ಶಿವನಸಮುದ್ರ. ಸಮುದ್ರ ಇಲ್ಲಿಂದ ನೂರಾರು ಮೈಲಿ ದೂರ. ಹೆಸರಲ್ಲಿ ಮಾತ್ರ ಸಮುದ್ರ.

"ಹಾಗಾದ್ರೆ ಬಂದರು ಎಲ್ಲಿ?" ಪುಟ್ಟಿ ಕೇಳಿದಳು.

ಒಳ್ಳೆಯ ಪ್ರಶ್ನೆ. ರೋಡ್ಸ್ ಊರಿಗೆ ಸಮುದ್ರವೇ ಹೆದ್ದಾರಿ. ಹಡಗು ಬರುವಷ್ಟು ದಿನ ಊರಿಗೆ ಅನ್ನ. ನಮ್ಮ ದ್ವೀಪಕ್ಕೆ ಹಡಗು ಬರುವುದು ಹೇಗೆ? ಕೆಳಗಿನಿಂದ ಬಂದರೆ ಜಲಪಾತ ಅಡ್ಡ, ಮೇಲಿನಿಂದ ಬಂದರೆ ಬಂಡೆ. ಹೊಳೆ ಇಳಿದಾಗ ನಡೆದು ದಾಟುವ ಕಡವು, ಏರಿದಾಗ ತೆಪ್ಪ, ಆಮೇಲೆ ಸೇತುವೆ. ಈ ಊರಿನ ಬಂದರು ಅಂದರೆ ಇಷ್ಟೇ. ಆದರೆ ಇದರ ಚರಿತ್ರೆಯೆಲ್ಲ ಈ ದಾರಿಯ ಮೇಲೆಯೇ ನಿಂತಿದೆ.

ಆಟೋದಲ್ಲೇ ಮಕ್ಕಳಿಗೆ ಗಂಗರಾಜನ ಕಥೆ ಹೇಳಿದೆ. ಹಳೆಯ ಮೈಸೂರು ಗೆಜೆಟಿಯರಿನಲ್ಲಿ ರೈಸ್ ಸಾಹೇಬರು ಬರೆದಿಟ್ಟಿರುವ ಕಥೆ ಇದು. ನಮ್ಮಜ್ಜಿಯೂ ತನಗೆ ಬೇಕಾದಂತೆ ಉಪ್ಪುಖಾರ ಹಾಕಿ ಹೇಳುತ್ತಿದ್ದಳು. ದ್ವೀಪದ ಮೇಲೆ ಗಂಗರಾಜನ ಪಟ್ಟಣ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಬಳಿಯ ಕಿಲಿಮಲೆಯ ಪಾಳೆಯಗಾರನಿಗೂ ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಯ ಪಾಳೆಯಗಾರನಿಗೂ ಕೊಟ್ಟ. ತವರಿನ ವೈಭವ ಕಂಡ ಹುಡುಗಿಯರಿಗೆ ಗಂಡನ ಮನೆ ಸಣ್ಣದಾಗಿ ಕಂಡಿತು. ಮಾತಿಗೆ ಮೊದಲು "ನಮ್ಮಪ್ಪನ ಮನೇಲಿ" ಎನ್ನತೊಡಗಿದರು. ಅಳಿಯಂದಿರಿಗೆ ರೋಸಿಹೋಯಿತು. ಇಬ್ಬರೂ ಸೇರಿ ಮಾವನ ಪಟ್ಟಣಕ್ಕೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷ ಕೂತರೂ ಒಳಗೆ ಕಾಲಿಡಲಾಗಲಿಲ್ಲ. ಹೊಳೆಯೇ ಕೋಟೆ, ದಾಟಲು ಇದ್ದದ್ದು ಒಂದೇ ಕಡವು, ಅಲ್ಲಿ ಸದಾ ಕಾವಲು. ಕೊನೆಗೆ ರಾಜನ ದಳವಾಯಿಯೇ ಶತ್ರುಗಳ ಜೊತೆ ಸೇರಿ, ಕಡವಿನ ಕಾವಲನ್ನು ಬೇರೆಡೆಗೆ ಕಳಿಸಿ, ರಾಜನನ್ನು ಚದುರಂಗಕ್ಕೆ ಕೂರಿಸಿಕೊಂಡ. ಸುದ್ದಿ ಮುಟ್ಟುವ ಹೊತ್ತಿಗೆ ಶತ್ರು ಒಳಗೆ ಬಂದಾಗಿತ್ತು. ರಾಜ ಕತ್ತಿ ಹಿರಿದು ಶತ್ರುಗಳ ನಡುವೆ ನುಗ್ಗಿ ಹೋರಾಡಿ ಸತ್ತ. ಅದನ್ನು ಕಂಡು ದಿಗಿಲುಬಿದ್ದ ಅಳಿಯಂದಿರೇ ಜಲಪಾತಕ್ಕೆ ಹಾರಿದರು.

"ಆಟ ಯಾರು ಗೆದ್ರು ತಾತ?" ಹನೂರಿನ ಹುಡುಗ ಕೇಳಿದ. ಅದನ್ನು ರೈಸ್ ಸಾಹೇಬರೂ ಬರೆದಿಲ್ಲ, ಅಜ್ಜಿಯೂ ಹೇಳಲಿಲ್ಲ.

ಚರಿತ್ರೆಯ ಲೆಕ್ಕ ಬೇರೆ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಈಗ ಒಂದು ಹಳ್ಳಿ. ಆಗ ಅಲ್ಲಿನ ಅರಸರು ವಿಜಯನಗರಕ್ಕೇ ಸೆಡ್ಡು ಹೊಡೆದವರು. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದು ಮೊದಲ ವರ್ಷಗಳಲ್ಲೇ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದ. ಗಂಗರಾಜ ನೆಚ್ಚಿಕೊಂಡದ್ದು ಈ ದ್ವೀಪವನ್ನೇ. ಸುಮಾರು 1512ರ ಹೊತ್ತಿಗೆ ದ್ವೀಪವೂ ಬಿತ್ತು, ಗಂಗರಾಜ ಕಾವೇರಿಯಲ್ಲಿ ಮುಳುಗಿ ಸತ್ತ. ಕಥೆಯಲ್ಲೂ ನೀರಿನ ಪಾಲು, ಚರಿತ್ರೆಯಲ್ಲೂ ನೀರಿನ ಪಾಲು. ಮಗ ನೋಡಿ ಬಂದ ರೋಡ್ಸ್ ಕೋಟೆಯೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1522ರಲ್ಲಿ, ಆರು ತಿಂಗಳ ಮುತ್ತಿಗೆಯ ನಂತರ ತುರ್ಕಿಯ ಸುಲ್ತಾನ ಸುಲೇಮಾನನ ಕೈಸೇರಿತು. ಇವರಿಗೆ ಅವರ ಹೆಸರು ಗೊತ್ತಿರಲಿಲ್ಲ, ಅವರಿಗೆ ಇವರದು ಗೊತ್ತಿರಲಿಲ್ಲ.

ಪಟ್ಟಣ ಖಾಲಿಯಾಯಿತು. ಸೇತುವೆಗಳು ಮುರಿದವು, ಬೀದಿಗಳಲ್ಲಿ ಕಾಡು ಬೆಳೆಯಿತು. ದಾರಿ ಹೋದರೆ ದ್ವೀಪದ ಊರು ಇದ್ದೂ ಇಲ್ಲ. ಮತ್ತೆ ಜೀವ ಬಂದದ್ದು 19ನೇ ಶತಮಾನದ ಮೊದಲ ಭಾಗದಲ್ಲಿ. ಬ್ರಿಟಿಷ್ ರೆಸಿಡೆಂಟರ ಕೈಕೆಳಗೆ ಕೆಲಸದಲ್ಲಿದ್ದ ರಾಮಸ್ವಾಮಿ ಮುದಲಿಯಾರ್ ಎಂಬವರು ಕಾಡು ಕಡಿಸಿದರು, ದೇವಸ್ಥಾನಗಳನ್ನು ಸರಿಪಡಿಸಿದರು, ಎರಡೂ ಕವಲಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಅವರಿಗೆ 'ಜನೋಪಕಾರ ಕಾಮಕರ್ತ' ಎಂಬ ಬಿರುದು ಸಿಕ್ಕಿತು. ಬ್ರಿಟಿಷ್ ಸರ್ಕಾರ ಒಂದಷ್ಟು ಹಳ್ಳಿ, ಮೈಸೂರು ಸರ್ಕಾರ ಒಂದಷ್ಟು ಹಳ್ಳಿ ಜಹಗೀರು ಕೊಟ್ಟವು. (ಜಹಗೀರು ಅಂದಾಗ ನನ್ನ ಹೆಂಡತಿ ಸುಮ್ಮನಿರುವುದಿಲ್ಲ. ಅವಳ ಯಳಂದೂರು 1807ರಿಂದಲೇ ದಿವಾನ್ ಪೂರ್ಣಯ್ಯನವರ ಜಹಗೀರು!)

ಮಕ್ಕಳೇ, ಎರಡು ಸರ್ಕಾರ ಏಕೆ ಎಂದು ಕೇಳುತ್ತೀರಿ. ನಿಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿರುತ್ತದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಈ ದ್ವೀಪವೂ ಅದಕ್ಕೇ ಸೇರಿತ್ತು. ಪಶ್ಚಿಮದ ಕವಲು ದಾಟಿದರೆ ಮೈಸೂರು. ನಮ್ಮ ಸೋದರತ್ತೆಯನ್ನು ಮಳವಳ್ಳಿಗೆ ಕೊಟ್ಟಿತ್ತು. ಗಾಡಿ ಕಟ್ಟಿ ಅವರ ಮನೆಗೆ ಹೋಗುವಾಗ ಅಜ್ಜ ಸೇತುವೆಯ ಮೇಲೆ ನನ್ನನ್ನು ಇಳಿಸಿ, ಬೆರಳು ಹಿಡಿಸಿ ನಡೆಸುತ್ತಿದ್ದರು. "ಈಗ ಮದ್ರಾಸು ಬಿಟ್ಟೆವು ಕಣಪ್ಪ, ಇನ್ನು ಮೈಸೂರು." ನನಗಾಗ ಐದೋ ಆರೋ ವರ್ಷ. ಕಲ್ಲಿನ ಮೇಲೆ ಒಂದು ಗೆರೆ ಇರುತ್ತದೆ ಎಂದು ಬಗ್ಗಿ ಬಗ್ಗಿ ಹುಡುಕುತ್ತಿದ್ದೆ.

ಆ ಸೇತುವೆಯನ್ನೇ ಪುಟ್ಟಿಗೆ ತೋರಿಸಬೇಕಿತ್ತು. ಸತ್ತೇಗಾಲದ ಕಡೆಯ ಹಳೆಯ ಸೇತುವೆಯನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. ಕಮಾನುಗಳಿಲ್ಲ. ಹೊಳೆಯ ಬಂಡೆಯಲ್ಲೇ ಕಲ್ಲುಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಹೊದಿಸಿದ್ದಾರೆ. ನಮ್ಮ ಹಳ್ಳಿಮನೆಯ ಜಗಲಿಯನ್ನೇ ಉದ್ದಕ್ಕೆ ಎಳೆದ ಹಾಗೆ. ಸಿಮೆಂಟಿಲ್ಲದ ಕಾಲದ ಈ ಕೆಲಸ ಎಷ್ಟೋ ಪ್ರವಾಹ ತಡೆದುಕೊಂಡಿತು. 2018ರ ನೆರೆಯನ್ನು ತಡೆಯಲಿಲ್ಲ. ಒಂದು ಭಾಗ ಕೊಚ್ಚಿಹೋಯಿತು.

ದಡದಲ್ಲಿ ನಿಂತು ನೋಡಿದೆವು. ಒಂದಷ್ಟು ದೂರ ಸೇತುವೆ, ಆಮೇಲೆ ನೀರು, ಆಮೇಲೆ ಮತ್ತೆ ಸೇತುವೆ. ಹೊಸ ಸೇತುವೆಯ ಮೇಲೆ ಬಸ್ಸು ಲಾರಿಗಳು ಇದರ ಕಡೆ ತಿರುಗಿಯೂ ನೋಡದೆ ಓಡುತ್ತಿದ್ದವು. ಮಗ ಚಿಕ್ಕವನಿದ್ದಾಗ ಇದರ ಮೇಲೆ ಒಂದು ಸಲವಾದರೂ ನಡೆಸಬಹುದಿತ್ತು. ಬ್ಯಾಂಕಿನಲ್ಲಿ ಲೆಡ್ಜರ್ ಟ್ಯಾಲಿ ಆಗಲಿಲ್ಲ, ಅರ್ಧ ವರ್ಷದ ಕ್ಲೋಸಿಂಗು ಬಂತು ಎಂದೆಲ್ಲ ನೆಪ ಹೇಳಿದ್ದೆ.

ಪುಟ್ಟಿ ನನ್ನ ಮುಖ ನೋಡಿ ಹೇಳಿದಳು: "ರೋಡ್ಸಲ್ಲೂ ಹೀಗೇ ತಾತ. ಅಪ್ಪ ಹೇಳಿದ್ರು. ಕಂಚಿನ ದೊಡ್ಡ ಸೂರ್ಯದೇವರ ವಿಗ್ರಹ ಇತ್ತಂತೆ. ಭೂಕಂಪಕ್ಕೆ ಬಿದ್ದುಹೋಯ್ತಂತೆ. ಬಿದ್ದಿದ್ದನ್ನೇ ಜನ ಬಂದು ನೋಡ್ತಿದ್ರಂತೆ."

ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ, ಸರಿಯೇ. ಸುಮಾರು 33 ಮೀಟರ್ ಎತ್ತರದ ಆ ವಿಗ್ರಹ ಕ್ರಿಸ್ತಪೂರ್ವ 226ರಲ್ಲಿ ಬಿತ್ತು, ನೂರಾರು ವರ್ಷ ಬಿದ್ದಲ್ಲೇ ಇತ್ತು. ಬಿ.ಕಾಂ. ಓದಿದವನಿಗೆ ಮೊಮ್ಮಗಳಿಂದ ಚರಿತ್ರೆ ಪಾಠ.

ಊರೊಳಗೆ ಮಧ್ಯರಂಗನ ದರ್ಶನ ಮಾಡಿದೆವು. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರೂ ಮಲಗಿರುವುದು ಕಾವೇರಿಯ ದ್ವೀಪಗಳಲ್ಲೇ. ಇಲ್ಲಿಯವನಿಗೆ ಜಗನ್ಮೋಹನ ರಂಗನೆಂದೂ ಹೆಸರು. ಮೂವರಲ್ಲಿ ಇವನೇ ಹರೆಯದವನಂತೆ. ಹತ್ತಿರದಲ್ಲೇ ಸೋಮೇಶ್ವರ, ಗಗನಚುಕ್ಕಿಯ ಕಡೆ ಹಜರತ್ ಮರ್ದಾನೆ ಗೈಬರ ದರ್ಗಾ. ದರ್ಗಾದ ಕಡೆಯಿಂದ ಆಚೆ ದಡದ ವಿದ್ಯುತ್ ಕೇಂದ್ರ ತೋರಿಸಿದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಶುರುವಾದ ಕೆಲಸ. 1902ರ ಜೂನ್‌ನಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಭಾರತದ ಮೊದಲ ಜಲವಿದ್ಯುತ್ ಇದೇ ಎಂದು ಹಲವರು ಹೇಳುತ್ತಾರೆ. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಆಗಿತ್ತು. ಅಷ್ಟು ದೂರಕ್ಕೆ ಕಳಿಸಿದ್ದು ಇಲ್ಲಿಯ ಹೆಚ್ಚುಗಾರಿಕೆ. ಲೆಕ್ಕ ಸರಿಯಿರಬೇಕು.

ಊಟ ಮುಗಿದ ಮೇಲೆ ಭರಚುಕ್ಕಿ. ಮೇಲಿನಿಂದ ನೋಡಿ ಹೊರಡೋಣ ಅಂದೆ. ಮಕ್ಕಳು ಒಪ್ಪಲಿಲ್ಲ. ಕೆಳಗೆ ಮೆಟ್ಟಿಲಿದೆ, ಎಲ್ಲರೂ ಇಳಿಯುತ್ತಿದ್ದಾರೆ, ನಾವೇಕೆ ಇಳಿಯಬಾರದು?

ಆಗ ಅವರನ್ನು ಮರದ ನೆರಳಲ್ಲಿ ಕೂರಿಸಿ ಹೇಳಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಐದು ಜನ ಹುಡುಗರು ಮನೆಯಲ್ಲಿ ಹೇಳದೆ ಸೈಕಲ್ಲಿನಲ್ಲಿ ಇಲ್ಲಿಗೆ ಬಂದೆವು. ಆಗ ಬೇಲಿಯಿಲ್ಲ, ಕಾವಲಿಲ್ಲ. ನನ್ನ ಹಿಂದೆ ಕ್ಯಾರಿಯರಿನಲ್ಲಿ ಕೂತು ಬಂದವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಈಜು ಬರುತ್ತಿತ್ತು. ಪಾಚಿ ಕಟ್ಟಿದ ಬಂಡೆಯ ಮೇಲೆ ಕಾಲಿಟ್ಟ. ಜಾರಿದ ಸದ್ದು ಕೂಡ ಕೇಳಲಿಲ್ಲ, ಜಲಪಾತದ ಸದ್ದು ಅಷ್ಟಿತ್ತು. ಅವನು ಸಿಕ್ಕಿದ್ದು ಮೂರನೇ ದಿನ. ಅವನ ಚಪ್ಪಲಿ ನನ್ನ ಸೈಕಲ್ಲಿನ ಕ್ಯಾರಿಯರಿನಲ್ಲೇ ಉಳಿದಿತ್ತು. ಅದನ್ನು ಅವನ ಅಮ್ಮನ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ನಮ್ಮಪ್ಪ ಹೋಗಿ ಕೊಟ್ಟು ಬಂದರು. ಮಗನ ಶಾಲೆಯಿಂದ ಪ್ರವಾಸ ಹೊರಟಾಗ ನಾನು ಸಹಿ ಹಾಕದೆ ತಡೆದದ್ದು ಇದಕ್ಕೇ. ಲೆಡ್ಜರು ಬರೀ ನೆಪ.

ಹನೂರಿನ ಹುಡುಗ ತಲೆ ತಗ್ಗಿಸಿದ. ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಹೆಸರೇನು ತಾತ?" ಅಂದಳು. ಹೇಳಿದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ.

"ನೀರಿಗೆ ಕಾಲಿಡಲ್ಲ. ಕಂಬಿ ದಾಟಲ್ಲ. ನಿಮ್ಮ ಕೈ ಬಿಡಲ್ಲ. ಬನ್ನಿ" ಎಂದು ಎದ್ದು ನಿಂತಳು.

ಇಳಿದೆವು. ಅವಳು ಮೆಟ್ಟಿಲು ಎಣಿಸುತ್ತಿದ್ದಳು, ನಾನು ಮಂಡಿ ಹಿಡಿದುಕೊಳ್ಳುತ್ತಿದ್ದೆ. ಕೆಳಗೆ ಹನಿಗಳು ಕನ್ನಡಕದ ಮೇಲೆ ಕೂತು ಏನೂ ಕಾಣದಂತಾಯಿತು. ಒರೆಸಿಕೊಂಡು ನೋಡಿದೆ. ಬಂಡೆಯ ಅಡ್ಡಕ್ಕೆ ಹತ್ತಾರು ಕವಲಾಗಿ ಬಿಳಿ ನೀರು ಬೀಳುತ್ತಿತ್ತು. ನನ್ನ ನೆನಪಿನಲ್ಲಿ ಇದ್ದದ್ದು ಬರೀ ಕಪ್ಪು ಬಂಡೆ. ಇಷ್ಟು ಚೆಂದವಿತ್ತು ಎಂಬುದೇ ಮರೆತುಹೋಗಿತ್ತು.

ತೆಪ್ಪದವನೊಬ್ಬ ಬಂದು, "ಒಂದು ಸುತ್ತು ಬತ್ತೀರಾ ಬುದ್ಧಿ?" ಅಂದ. ಬೇಡವೆಂದೆ. ಎಲ್ಲವೂ ಒಂದೇ ದಿನಕ್ಕೆ ಆಗುವುದಿಲ್ಲ.

ಸಂಜೆ ಪುಟ್ಟಿ ನೋಟ್‌ಬುಕ್ಕಿನಲ್ಲಿ ದ್ವೀಪದ ನಕ್ಷೆ ಬರೆದಳು. ಎರಡು ಕವಲು, ಎರಡು ಜಲಪಾತ, ರಂಗನ ಗುಡಿ, ದರ್ಗಾ. ಹಳೆಯ ಸೇತುವೆಗೆ ದಪ್ಪ ಗೆರೆ ಎಳೆದು, ಕೊಚ್ಚಿಹೋದ ಕಡೆ ಬರೀ ಚುಕ್ಕಿ ಇಟ್ಟಳು. ಪಶ್ಚಿಮದ ಸೇತುವೆಯ ಮೇಲೆ ಒಂದು ಸಣ್ಣ ಅಡ್ಡಗೆರೆ. ಏನದು ಎಂದು ಕೇಳಿದ್ದಕ್ಕೆ, "ನೀವು ಹುಡುಕ್ತಿದ್ರಲ್ಲ, ಮದ್ರಾಸ್ ಗೆರೆ" ಅಂದಳು.

ನಕ್ಷೆಯ ಫೋಟೋ ಗ್ರೀಸಿಗೆ ಹೋಯಿತು. ಅರ್ಧ ಗಂಟೆಗೆ ಮಗನ ಫೋನು ಬಂತು. ಅವನಮ್ಮ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಪ್ಪ, ದೀಪಾವಳಿಗೆ ಬರ್ತೀನಿ. ನನ್ನನ್ನೂ ಕರ್ಕೊಂಡು ಹೋಗಿ" ಅಂದ.

ಆಟೋದವನಿಗೆ ಹೇಳಿಟ್ಟಿದ್ದೇನೆ.