ಒಂದು ಕಿರ್ದಿ, ಎರಡು ಸ್ಲೇಟು

ಶಿರಾಳಕೊಪ್ಪದ ಪೇಟೆಯಲ್ಲಿ ಒಂದು ಮಂಡಿಯನ್ನು ಊಹಿಸಿಕೊಳ್ಳಿ. ಶಿಕಾರಿಪುರದ ಕಡೆಯಿಂದಲೂ ಸೊರಬದ ಕಡೆಯಿಂದಲೂ ರೈತರು ಮಾಲು ತಂದಿದ್ದಾರೆ. ಕಂಪ್ಯೂಟರು ಒಂದೇ, ಲೆಕ್ಕದ ಪ್ರೋಗ್ರಾಮೂ ಒಂದೇ. ಅದರಲ್ಲಿ ಕಿಟಕಿಗಳು ಮಾತ್ರ ಎರಡು. ಒಂದರಲ್ಲಿ ತೂಕ ಬರೆಯುತ್ತಾರೆ, ಇನ್ನೊಂದರಲ್ಲಿ ಹಣ ಪಾವತಿ. ಆದರೆ ತೂಕದ ಕಿಟಕಿಯಲ್ಲಿ ಬರೆದ ಮೂಟೆ ಪಾವತಿಯ ಕಿಟಕಿಯಲ್ಲಿ ಕಾಣುವುದೇ ಇಲ್ಲ! ರೈತನು ಹಣಕ್ಕಾಗಿ ಕಾದು ನಿಂತಿದ್ದಾನೆ. ತಪ್ಪು ಯಾರದು?

ಗುಮಾಸ್ತರದಂತೂ ಅಲ್ಲ. ಇಂಥ ಪ್ರೋಗ್ರಾಮುಗಳ ಒಡಲಿನಲ್ಲಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯ ಇರುವುದುಂಟು. ಅಮೆರಿಕದ ರಿಚರ್ಡ್ ಹಿಪ್ ಅವರು ಇದನ್ನು 2000ರಲ್ಲಿ ಹೊರತಂದರು. ತಮ್ಮ ಜೇಬಿನ ಫೋನಿನಲ್ಲೂ ಅದು ಕೆಲಸ ಮಾಡುತ್ತಿದೆ. ಅದು ಲೆಕ್ಕವನ್ನು ಡಿಸ್ಕಿನ ಕಡತದಲ್ಲಿಯೂ ಬರೆಯಬಲ್ಲದು, ಯಂತ್ರದ ನೆನಪಿನಲ್ಲಿಯೂ ಬರೆಯಬಲ್ಲದು. ಕಡತವೆಂದರೆ ಕಿರ್ದಿ ಪುಸ್ತಕ, ನೆನಪೆಂದರೆ ಸ್ಲೇಟು.

ತೊಡಕಿನ ಮೂಲ ಇಲ್ಲಿದೆ. ನೆನಪಿನಲ್ಲಿ ಲೆಕ್ಕ ತೆರೆಯೆಂದು ಎರಡು ಸಂಪರ್ಕಗಳು ಕೇಳಿದರೆ, ಒಂದೊಂದಕ್ಕೂ ಬೇರೆ ಬೇರೆ ಹೊಸ ಸ್ಲೇಟು ದೊರೆಯುತ್ತದೆ. ಒಂದೇ ಸ್ಲೇಟು ಬೇಕಾದರೆ ಅದಕ್ಕೊಂದು ಹೆಸರಿಟ್ಟು, ಹಂಚಿಕೆಯ ಕ್ಯಾಷ್ ಬೇಕೆಂದು ಎರಡೂ ಸಂಪರ್ಕಗಳು ಸ್ಪಷ್ಟವಾಗಿ ಕೋರಬೇಕು.

ಹಾಗೆ ಮಾಡಿದ ಮೇಲೆಯೂ ಊಟದ ಹೊತ್ತಿಗೆ ಲೆಕ್ಕ ಮಾಯವಾಯಿತೇ? ಕೊನೆಯ ಸಂಪರ್ಕ ಮುಚ್ಚಿದೊಡನೆ ಸ್ಲೇಟು ಅಳಿದುಹೋಗುತ್ತದೆ. ಆದ್ದರಿಂದ ಒಂದು ಸಂಪರ್ಕವನ್ನು ದಿನವಿಡೀ ತೆರೆದಿಡಬೇಕು. 'ಟೇಬಲ್ ಲಾಕ್ ಆಗಿದೆ' ಎಂಬ ಸೂಚನೆ ಬಂದಿತೇ? ಒಬ್ಬರು ಬರೆಯುತ್ತಿರುವಾಗ ಇನ್ನೊಬ್ಬರು ಅದೇ ಪಟ್ಟಿಗೆ ಕೈಯಿಟ್ಟಿದ್ದಾರೆ. ಹಂಚಿಕೆಯ ಸ್ಲೇಟಿನಲ್ಲಿ ಕಾಯುವ ಅವಧಿಯನ್ನು ಹೆಚ್ಚಿಸಿ ಫಲವಿಲ್ಲ. ಬರೆಹವನ್ನು ಚುಟುಕಾಗಿ ಮುಗಿಸಬೇಕು, ಮತ್ತೊಬ್ಬರು ಪುನಃ ಪ್ರಯತ್ನಿಸಬೇಕು.

ಇಷ್ಟಾದರೂ ಎರಡು ಬೇರೆ ಪ್ರೋಗ್ರಾಮುಗಳು ಒಂದೇ ಸ್ಲೇಟನ್ನು ನೋಡಲಾರವು. ವಿದ್ಯುತ್ತು ಹೋದರೆ ಎಲ್ಲವೂ ಹೋಯಿತು. ರೈತನ ಬಾಕಿಯಂಥ ಲೆಕ್ಕಕ್ಕೆ ಕಡತವೇ ಲೇಸು. 2010ರಿಂದ ಎಸ್‌ಕ್ಯೂಲೈಟಿನಲ್ಲಿ ಹೊಸದೊಂದು ವಿಧಾನವಿದೆ: ಬದಲಾವಣೆಗಳನ್ನು ಮೊದಲು ಪಕ್ಕದ ಕಡತವೊಂದಕ್ಕೆ ಬರೆಯುವುದು. ಆಗ ಒಬ್ಬರು ಬರೆಯುತ್ತಿದ್ದರೂ ಉಳಿದವರು ಓದುತ್ತಿರಬಹುದು. ಬರೆಯುವವರು ಮಾತ್ರ ಒಂದು ಸಲಕ್ಕೆ ಒಬ್ಬರೇ. ಎರಡನೆಯವರಿಗೆ ಕೆಲವು ಸೆಕೆಂಡು ಕಾಯುವ ಅವಧಿ ಗೊತ್ತುಮಾಡಿದರಾಯಿತು. ಕಂಪ್ಯೂಟರುಗಳೇ ಎರಡಾದಾಗ ಈ ವಿಧಾನವೂ ಸಲ್ಲದು. ಅಲ್ಲಿ ಸರ್ವರ್ ಬಗೆಯ ದತ್ತಸಂಚಯವೇ ಬೇಕು.

ಪ್ರೋಗ್ರಾಮು ಕೊಳ್ಳುವ ಮುನ್ನ ತಾವೇ ಪರೀಕ್ಷಿಸಿ. ಒಂದು ಕಿಟಕಿಯಲ್ಲಿ ಬರೆದು ಇನ್ನೊಂದರಲ್ಲಿ ನೋಡಿ. ಎಲ್ಲವನ್ನೂ ಮುಚ್ಚಿ ಮತ್ತೆ ತೆರೆದು ನೋಡಿ. ಬರೆದದ್ದು ಉಳಿದಿದ್ದರೆ ಅದು ಕಿರ್ದಿ. ಅಳಿದಿದ್ದರೆ ಬರೀ ಸ್ಲೇಟು.